ಆಚೆ ಕೋಣೆಯ ಬಾಗಿಲು

ನಮ್ಮ ದೊಡ್ಡಮ್ಮ ಶಶಿಕಲಾ ಜೀವಮಾನದಲ್ಲಿ ಒಡೆದಿದ್ದು ಒಂದೇ ಒಂದು ಗೋಡೆ. ಅದೇ ಒಂದು ದಿನ ಮನೆಗೆ ಮುಳುವಾಗುವಷ್ಟಕ್ಕೆ ಬರುತ್ತದೆಂದು ಯಾರು ಅಂದುಕೊಂಡಿದ್ದರು?

ಮನೆ ಇರುವುದು ತುಮಕೂರಿನ ಹಳೆಯ ಎಕ್ಸ್‌ಟೆನ್ಷನ್‌ನಲ್ಲಿ. ಗುಬ್ಬಿಯ ಕೊಬ್ಬರಿ ವ್ಯಾಪಾರಿಯಾಗಿದ್ದ ನಮ್ಮ ಮುತ್ತಾತ, ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ, ಪೇಟೆಯ ಇಕ್ಕಟ್ಟು ಸಾಕಾಗಿ ಊರಾಚೆ ಸೈಟು ತೆಗೆದುಕೊಂಡು ಕಟ್ಟಿಸಿದ ಬಂಗಲೆ ಅದು. ಮುಂದೆ ಪೋರ್ಟಿಕೊ, ಬಣ್ಣದ ಗಾಜಿನ ಕಿಟಕಿಗಳು, ಒಳಗೆ ಕೆಂಪು ಗಾರೆ ನೆಲ, ಮೇಲೆ ತೊಲೆ-ಇಟ್ಟಿಗೆಯ ಮದ್ರಾಸ್ ತಾರಸಿ. ಅಕ್ಕಪಕ್ಕದ ಬಂಗಲೆಗಳೆಲ್ಲ ಕಾಂಪ್ಲೆಕ್ಸುಗಳಾಗಿವೆ. ನಮ್ಮದೊಂದೇ ಇನ್ನೂ ಹಾಗೇ ನಿಂತಿದೆ.

ಕುಣಿಗಲ್‌ನಿಂದ ಸೊಸೆಯಾಗಿ ಬಂದ ದೊಡ್ಡಮ್ಮ ಆ ನೆಲವನ್ನು ಉಜ್ಜುತ್ತಲೇ ಮುದುಕಿಯಾದರು. ದೊಡ್ಡಪ್ಪ ಅಂಜನಮೂರ್ತಿ ತೀರಿಕೊಂಡ ಮೇಲೆ ಮನೆಯಲ್ಲೇ ಹೊಲಿಗೆ ಕ್ಲಾಸು ಶುರುಮಾಡಿದರು. ಕೋರದಿಂದ, ವಸಂತನರಸಾಪುರದಿಂದ ಹುಡುಗಿಯರು ಬಸ್ ಹತ್ತಿ ಬರುತ್ತಾರೆ. ದೊಡ್ಡಮ್ಮನ ಬಾಯಿ ಜೋರು, ಕತ್ತರಿಯೂ ಜೋರು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದೂ ಅವರೇ. ನನಗೆ ಬಾಯಿ ಜೋರು ಅನ್ನುವವರು ಅವರನ್ನೇ ಕೇಳಿಕೊಳ್ಳಲಿ.

ಮನೆಯಲ್ಲಿ ಅರ್ಧ ಪಾಲು ದೊಡ್ಡಮ್ಮನದು, ಇನ್ನರ್ಧ ನಮ್ಮ ಅಪ್ಪ ಅಶ್ವಥ್ ಅವರದು. ಅಪ್ಪ ಕೆಟ್ಟವರಲ್ಲ. ಆದರೆ ಹಳೇ ಮನೆ ಅಂದರೆ ಅವರಿಗೆ ಸೋರುವ ತಾರಸಿ, ಗೆದ್ದಲು ಹತ್ತಿದ ತೊಲೆ, ಮುಗಿಯದ ರಿಪೇರಿ, ಅಷ್ಟೇ. ಒಬ್ಬ ಬಿಲ್ಡರ್ ಜೊತೆ ಮಾತಾಡಿ ಮಾರಾಟದ ಅಗ್ರಿಮೆಂಟ್ ತಯಾರು ಮಾಡಿಸಿಬಿಟ್ಟಿದ್ದರು. ಅಪ್ಪನ ಪಾಲಿನಲ್ಲಿ ಮಗಳಾದ ನನಗೂ ಹಕ್ಕಿರುವುದರಿಂದ ಮೂವರೂ ಸಹಿ ಹಾಕದಿದ್ದರೆ ಮುಟ್ಟುವುದಿಲ್ಲ ಎಂದು ಬಿಲ್ಡರ್ ಹೇಳಿದ್ದ. ದೊಡ್ಡಮ್ಮ ಒಪ್ಪದಿದ್ದರೆ ಕೋರ್ಟು ಎಂದು ಅಪ್ಪ ಹೆದರಿಸಿದ್ದರು.

ಅಷ್ಟರಲ್ಲಿ ಊರಿನ ಹಳೆಯ ಕಟ್ಟಡಗಳ ಪಟ್ಟಿ ಮಾಡಲು ಒಂದು ಸಮಿತಿ ಹುಟ್ಟಿಕೊಂಡಿತು. ಪಟ್ಟಿಗೆ ಸೇರಿದ ಮನೆಯನ್ನು ಯಾರೂ ಕೆಡವುವಂತಿಲ್ಲ. ದೊಡ್ಡಮ್ಮನೇ ಹೋಗಿ ಅರ್ಜಿ ಕೊಟ್ಟು ಬಂದರು. "ಪಟ್ಟಿಗೆ ಸೇರಿದ್ರೆ ನಾನು ಬಾಯ್ಮುಚ್ಕೊಂಡು ಸುಮ್ನಿರ್ತೀನಿ. ಸೇರ್ಲಿಲ್ಲ ಅಂದ್ರೆ ಅವತ್ತೇ ಸೈನ್ ಹಾಕ್ಬೇಕು ಅತ್ಗೆ" ಎಂದರು ಅಪ್ಪ. ದೊಡ್ಡಮ್ಮ "ಆಗ್ಲಿ" ಎಂದು ಮಾತು ಕೊಟ್ಟರು. ನನ್ನನ್ನು ಯಾರೂ ಕೇಳಲಿಲ್ಲ. ನಾನಂತೂ ಗುಬ್ಬಿಯ ಬ್ಯಾಂಕಿನಲ್ಲಿ ಕಂಡವರ ಸಹಿ ನೋಡಿಕೊಂಡು ಕೂತಿದ್ದೆ.

ಎರಡನೇ ಶನಿವಾರ ಬೆಳಗ್ಗೆ ಸಮಿತಿಯಿಂದ ಪರಮಶಿವಯ್ಯ ಬಂದರು. ನಿವೃತ್ತ ಇಂಜಿನಿಯರ್, ಸಾಧು ಮನುಷ್ಯ. ಅಪ್ಪ ಫೈಲು ಕಂಕುಳಲ್ಲಿಟ್ಟುಕೊಂಡು ಅವರ ಹಿಂದೆಯೇ ತಿರುಗಿದರು. ದೊಡ್ಡಮ್ಮ ಕಾಫಿ ಲೋಟ ಹಿಡಿದುಕೊಂಡೇ ನಿಂತಿದ್ದರು, ಕೊಡುವುದನ್ನೇ ಮರೆತಿದ್ದರು. ಪರಮಶಿವಯ್ಯ ನೆಲ ಸವರಿ "ಆಹಾ" ಅಂದಾಗ ನನಗೆ ಉಸಿರು ಬಂತು. ತಾರಸಿ ನೋಡಿ ಹುಬ್ಬು ಗಂಟಿಕ್ಕಿದಾಗ ಹೋಯಿತು. ಕೊನೆಗೆ ಅವರು ಹಿಂದಿನ ಹೊಲಿಗೆ ಕೋಣೆಗೆ ಬಂದರು. ನಮ್ಮ ಮನೆಯಲ್ಲಿ ಅದನ್ನು ಈಗಲೂ ಆಚೆ ಕೋಣೆ ಅನ್ನುತ್ತೇವೆ.

ಕಟ್ಟಿಸಿದಾಗ ಆ ಕೋಣೆಗೆ ಮನೆಯೊಳಗಿಂದ ಬಾಗಿಲಿರಲಿಲ್ಲ. ಹಿತ್ತಲಿಗೊಂದು ಬಾಗಿಲು, ಎತ್ತರದಲ್ಲೊಂದು ಗವಾಕ್ಷಿ, ಅಷ್ಟೇ. ಮುಟ್ಟಾದ ಹೆಂಗಸರು ಮೂರು ದಿನ ಅಲ್ಲೇ ಇರಬೇಕು. ಪರಮಶಿವಯ್ಯನವರ ಮುಖ ಅರಳಿತು.

"ಇಂಥ ಕೋಣೆ ಈ ಎಕ್ಸ್‌ಟೆನ್ಷನ್‌ನಲ್ಲಿ ಬೇರೆಲ್ಲೂ ಉಳ್ದಿಲ್ಲಮ್ಮ. ಆ ಕಾಲದ ಬದುಕು ಹೆಂಗಿತ್ತು ಅನ್ನೋದಕ್ಕೆ ಇದೇ ಸಾಕ್ಷಿ" ಎಂದರು. ಆಮೇಲೆ ಅಡುಗೆಮನೆಯ ಕಡೆಯ ಬಾಗಿಲನ್ನು ನೋಡಿದರು. "ಇದು ಆಮೇಲೆ ಮಾಡ್ಸಿದ್ದಲ್ವಾ?"

"ಹೂಂ ಸಾರ್" ಎಂದರು ಅಪ್ಪ ತಕ್ಷಣ. "ನಮ್ಮತ್ಗೆ ಒಡ್ದಿದ್ದು."

"ಮೂಲ ಪ್ಲಾನು ಬದ್ಲಾಗಿರೋ ಮನೆನ ನಾವು ಸೇರ್ಸಲ್ಲ. ಆದ್ರೆ ಇದೇನು ದೊಡ್ಡ ವಿಷ್ಯ ಅಲ್ಲ ಬಿಡಿ. ಇಟ್ಟಿಗೆ ಇಟ್ಟು ಮುಚ್ಚಿಸ್ಬಿಡಿ, ನಿಮ್ಮ ಮನೆ ಪಟ್ಟಿಗೆ ಬಂದಂಗೇ."

ಅಪ್ಪನ ಮುಖ ಕಪ್ಪಿಟ್ಟಿತು. ನನಗೆ ಕುಣಿಯುವಷ್ಟು ಖುಷಿ. ದೊಡ್ಡಮ್ಮನ ಕಡೆ ತಿರುಗಿದರೆ, ಅವರು ಲೋಟವನ್ನು ಹೊಲಿಗೆ ಮಷಿನ್ ಮೇಲಿಟ್ಟು "ಮುಚ್ಚಲ್ಲ" ಎಂದರು.

ಅವರು ಅದನ್ನು ಯಾಕೆ ಒಡೆದರು ಅನ್ನುವುದು ನನಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ದೊಡ್ಡಮ್ಮನಿಗೆ ರಕ್ತ ಹೋಗತೊಡಗಿತು. ಮುಟ್ಟು ತಡವಾಗಿ ಆಗಿದೆ ಎಂದುಕೊಂಡು ನಮ್ಮಜ್ಜಿ ಚಿಕ್ಕಮಾರಮ್ಮ ಅವರನ್ನು ಆಚೆ ಕೋಣೆಗೆ ಕಳಿಸಿದರು. ಮುಟ್ಟಲ್ಲ ಅದು, ಬಸುರಿಯಾಗಿದ್ದರು. ನೋವು ತಡೆಯಲಾರದೆ ಗೋಡೆ ಬಡಿದರಂತೆ. ಗೋಡೆಯ ಈಚೆ ಅಡುಗೆ ನಡೆಯುತ್ತಿತ್ತು, ಒಗ್ಗರಣೆಯ ಸದ್ದು ಅವರಿಗೆ ಕೇಳುತ್ತಿತ್ತು. ಯಾರೂ ಬರಲಿಲ್ಲ. ಮಗು ಹೋಯಿತು, ಆಮೇಲೆ ಇನ್ನೊಂದು ಆಗಲೇ ಇಲ್ಲ. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ರವಿಕೆಯ ಗುಂಡಿಗೆ ಕಾಜಾ ಮಾಡುತ್ತ.  

ನಾನು ದೊಡ್ಡವಳಾದಾಗ ಏಳನೇ ಕ್ಲಾಸು. ಸ್ಕೂಲಿಂದ ಬರುವಷ್ಟರಲ್ಲಿ ಹೊಟ್ಟೆನೋವು. ಅಜ್ಜಿ ಆಚೆ ಕೋಣೆಯಲ್ಲಿ ಚಾಪೆ ಹಾಸಿ ನನ್ನನ್ನು ಕೂರಿಸಿ ಬಾಗಿಲು ಎಳೆದುಕೊಂಡರು. ಹೆದರಿ ಅಳುತ್ತಿದ್ದೆ. ಗೋಡೆಯ ಆಚೆಯಿಂದ ಧಡ್ ಧಡ್ ಎಂಬ ಸದ್ದು. ಗಾರೆ ಉದುರಿತು, ಇಟ್ಟಿಗೆ ಅಲುಗಿತು, ತೂತಿನೊಳಗಿಂದ ಹಾರೆಯ ಮೊನೆ ಬಂತು, ಅದರ ಹಿಂದೆ ದೊಡ್ಡಮ್ಮನ ಮುಖ. ಹಿತ್ತಲಲ್ಲಿ ಅಜ್ಜಿ ಶಾಪ ಹಾಕುತ್ತಿದ್ದರು. ಅಪ್ಪ ತುಟಿ ಪಿಟಕ್ಕೆನ್ನದೆ ನಿಂತಿದ್ದರು. "ಬಾರೇ ಒಳಕ್ಕೆ" ಎಂದು ದೊಡ್ಡಮ್ಮ ಕೈ ಚಾಚಿದರು. ಕೈಯೆಲ್ಲ ಬೊಬ್ಬೆ ಎದ್ದಿತ್ತು. ದೊಡ್ಡಪ್ಪ ಬಂದು ನೋಡಿ, ಹಾಗೇ ಹೋಗಿ ಮೇಸ್ತ್ರಿಯನ್ನು ಕರೆತಂದು ಅದಕ್ಕೊಂದು ಚೌಕಟ್ಟು ಇಡಿಸಿದರು.

ಇಷ್ಟೆಲ್ಲ ಗೊತ್ತಿದ್ದೂ ನಾನು ಅವರ ಕಿವಿಯಲ್ಲಿ ಹೇಳಿದೆ: "ದೊಡ್ಡಮ್ಮ, ಹೂಂ ಅಂದ್ಬಿಡಿ. ಗೋಡೆ ತಾನೇ. ಮನೆ ಉಳ್ಕೊಳ್ಳುತ್ತೆ."

ಅವರು ನನ್ನನ್ನು ಗುರುತೇ ಇಲ್ಲದವರ ಹಾಗೆ ನೋಡಿದರು. "ನೀನೂ ಹಿಂಗಂತೀಯಾ?"

ನನಗೆ ಭೂಮಿಗಿಳಿದು ಹೋದಂತಾಯಿತು.

ದೊಡ್ಡಮ್ಮ ಪರಮಶಿವಯ್ಯನವರಿಗೆ ನಿಧಾನವಾಗಿ ಹೇಳಿದರು. "ಮನೆ ಉಳೀಲಿ ಅಂತ ನಿಮ್ಮನ್ನ ಕರೆಸ್ದೋಳೇ ನಾನು ಸಾರ್. ಇದರ ಒಂದೊಂದು ಕಿಟಕಿ ಗಾಜೂ ನನ್ ಕೈಲಿ ಒರೆಸಿರೋದು. ಆದ್ರೆ ಆ ಬಾಗ್ಲು ಮುಚ್ಚಿ ಉಳಿಯೋ ಮನೆ ನಂಗೆ ಬೇಡ. ಬಿದ್ದೋದ್ರೆ ಬಿದ್ದೋಗ್ಲಿ ಬಿಡಿ."

 "ರೂಲ್ಸು ನನ್ ಕೈಲಿಲ್ಲಮ್ಮ" ಎಂದು ಪರಮಶಿವಯ್ಯ ಕೈಮುಗಿದು ಹೋದರು. ಆರಿದ ಕಾಫಿ ಮಷಿನ್ ಮೇಲೆ ಹಾಗೇ ಇತ್ತು.

ಅಪ್ಪ ಕಟಿಂಗ್ ಟೇಬಲ್ ಮೇಲಿನ ಬಟ್ಟೆ ಸರಿಸಿ ಅಗ್ರಿಮೆಂಟ್ ಹರಡಿದರು. ದೊಡ್ಡಮ್ಮ ಕನ್ನಡಕ ಒರೆಸಿಕೊಂಡು, ಅಪ್ಪ ಬೆರಳು ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು. ಮಾತು ಕೊಟ್ಟಿದ್ದರಲ್ಲ.   ಅಪ್ಪ ತಾವೂ ಹಾಕಿ ಪೆನ್ನು ನನಗೆ ಕೊಟ್ಟರು.

ನಾನು ಪೆನ್ನಿಗೆ ಕ್ಯಾಪ್ ಹಾಕಿ ಕಾಗದದ ಮೇಲಿಟ್ಟೆ.

"ನಾನು ಹಾಕಲ್ಲ ಅಪ್ಪ."

"ಏನ್ಲೇ ಇದು ಆಟ?" ಅಪ್ಪನ ದನಿ ಏರಿತು. "ಅವ್ರೇ ಹಾಕವ್ರೆ, ನಿಂದೇನು?"

"ಅವರು ಮಾತು ಕೊಟ್ಟಿದ್ರು, ಹಾಕಿದ್ರು. ನಾನು ಯಾರಿಗೂ ಮಾತು ಕೊಟ್ಟಿಲ್ಲ. ಅವತ್ತು ಆ ಗೋಡೆಯಿಂದ ಒಳಗೆ ಬಂದೋಳು ನಾನು. ನೀವು ಹಿತ್ತಲಲ್ಲಿ ನಿಂತಿದ್ರಿ. ಬೇಕಿದ್ರೆ ಕೋರ್ಟಿಗೆ ಹೋಗಿ, ನನ್ ಮೇಲೆ ಹಾಕಿ ಕೇಸು."

ಅಪ್ಪ ಆ ಬಾಗಿಲ ಕಡೆ ನೋಡಿದರು.  ಮಗಳ ಮೇಲೆ ಕೇಸು ಹಾಕುವ ಜನ ಅಲ್ಲ ಅವರು, ಅದು ನನಗೂ ಗೊತ್ತಿತ್ತು. ಕಾಗದಗಳನ್ನು ಫೈಲಿಗೆ ಸೇರಿಸಿಕೊಂಡು, ನನ್ನ ಮುಖ ನೋಡದೆ ಹೊರಗೆ ಹೋದರು.

"ಇಷ್ಟೊಂದು ಹಠ ಒಳ್ಳೇದಲ್ಲ ಕಣೇ ಆಶಾ" ಎಂದರು ದೊಡ್ಡಮ್ಮ. ಕಣ್ಣು ತುಂಬಿತ್ತು.

"ನಿಮ್ ಹತ್ರಾನೇ ಕಲ್ತಿದ್ದು."

ಹೊರಗೆ ಗೇಟಿನ ಸದ್ದಾಯಿತು. ಕೋರದ ಬಸ್ಸಿನ ಹುಡುಗಿಯರು ಬಂದಿದ್ದರು. ದೊಡ್ಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಆರಿದ ಕಾಫಿಯನ್ನು ತಾವೇ ಕುಡಿದು, "ಹಿತ್ತಲ ಕಡೆಯಿಂದ ಬೇಡ, ಮನೆ ಒಳಗಿಂದ್ಲೇ ಬರ್ರೇ" ಎಂದು ಕೂಗಿ ಹೇಳಿದರು.