ಮಾವನ ಎಡೆಗೆ ಮೀಟಿಂಗ್ ಲಿಂಕ್

ಹೆಣ್ಣುಮಕ್ಕಳಿಗೆ ಹೊಲಿಗೆ, ಕಂಪ್ಯೂಟರ್ ಕಲಿಸುವ ಒಂದು ಸಂಸ್ಥೆಯಲ್ಲಿ ನಾನು ಸಂಯೋಜಕಿ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಕಡೆಯ ಕೇಂದ್ರಗಳು ನನ್ನ ಕೊರಳಿಗೆ. ಮನೆ ಕುಮಟಾದಲ್ಲಿ, ಗಂಡ, ಅತ್ತೆ, ಒಂಬತ್ತನೇ ತರಗತಿಯ ಮಗಳು. ಆ ವರ್ಷ ಹೊಸದಾಗಿ ಬಂದ ನಮ್ಮ ಮೇಲಧಿಕಾರಿ ಧಾರವಾಡದ ಕಡೆಯವರು. ಸಭೆ ಎಂದರೆ ಅವರಿಗೆ ಊಟ ಬೇಡ, ನಿದ್ದೆ ಬೇಡ. ಮುಂದಿನ ಸಭೆ ಯಾವಾಗ ಎಂದು ಸಭೆಯಲ್ಲಿ ಚರ್ಚಿಸುತ್ತಿದ್ದರು. ಚರ್ಚೆ ಮುಗಿಯದಿದ್ದರೆ ಅದಕ್ಕೇ ಒಂದು ಸಭೆ ಇಡುತ್ತಿದ್ದರು.

ಅಂಥದೊಂದು ಸಭೆಗೆ ನಾನು ಹೋಗಲಿಲ್ಲ. ಅದೇ ಹೊತ್ತಿಗೆ ಮಗಳ ಶಾಲೆಯಲ್ಲಿ ಪಾಲಕರ ಸಭೆಯಿತ್ತು. ಆಫೀಸಿನ ಕೆಲಸವೆಲ್ಲ ಫೋನಿನ ಒಂದು ಕ್ಯಾಲೆಂಡರಿನಲ್ಲಿ, ಮನೆಯದು ಇನ್ನೊಂದರಲ್ಲಿ. ಎರಡೂ ಜಗಳವಾಡಿದ ನೆರೆಮನೆಯವರ ಹಾಗೆ ಒಂದನ್ನೊಂದು ಮಾತಾಡಿಸುತ್ತಿರಲಿಲ್ಲ.

"ಮೇಡಂ, ಎರಡನ್ನೂ ಒಂದೇ ಕಡೆ ಸೇರಿಸಿಬಿಡಿ. ಇರೋದು ಒಂದೇ ಜೀವನ, ಕ್ಯಾಲೆಂಡರ್ ಯಾಕೆ ಎರಡು?" ಎಂದರು ಅಧಿಕಾರಿ. ಮಾತು ಚೆನ್ನಾಗಿತ್ತು. ನನಗೂ ಹೌದೆನಿಸಿತು.

ಭಾನುವಾರ ಮಗಳನ್ನು ಕೂರಿಸಿಕೊಂಡು ಸೇರಿಸಿದೆ. ಆಫೀಸಿಗೆ ನೀಲಿ, ಮನೆಗೆ ಹಸಿರು. ಮಗಳು ಹಸಿರನ್ನು ಮೇಲಿಂದ ಕೆಳಗೆ ಸರಿಸುತ್ತ ಹೋದಳು. ಅಜ್ಜಿಯ ಬಿಪಿ ಮಾತ್ರೆ, ಗ್ಯಾಸ್ ಬುಕ್ಕಿಂಗ್, ಅಪ್ಪನ ಬೈಕಿನ ಇನ್ಶೂರೆನ್ಸ್, ಅಪ್ಪನ ಅಕ್ಕನ ಮಗನ ಹುಟ್ಟುಹಬ್ಬ.

"ಅಮ್ಮಾ, ಹಸಿರು ನಿನ್ನ ಸ್ವಂತದ್ದು ಅಂದ್ಯಲೆ. ಇದರಲ್ಲಿ ನಿಂದು ಎಂತದಿದೆ?"

ಹುಡುಕಿದೆವು. ಒಂದು ಸಿಕ್ಕಿತು. 'ಹಲ್ಲು' ಎಂದಷ್ಟೇ ಬರೆದಿತ್ತು. ಮೂರು ಸಲ ಮುಂದೂಡಿ, ಆಮೇಲೆ ನೋವು ತಾನಾಗಿ ನಿಂತಿದ್ದರಿಂದ ಬಿಟ್ಟ ಹಲ್ಲು ಅದು.

ಮರುದಿನ ಹೊನ್ನಾವರದ ಕೇಂದ್ರದಲ್ಲಿದ್ದೆ. ಬೆಳಿಗ್ಗೆಯಿಂದ ಫೋನು ಗುರ್ ಗುರ್ ಎನ್ನುತ್ತಲೇ ಇತ್ತು. ತೆಗೆದು ನೋಡಿದರೆ ಕುಮಟಾ ಆಫೀಸಿನ ಗುಮಾಸ್ತರು 'ಹಾಜರಾಗುತ್ತೇನೆ' ಎಂದು ಒತ್ತಿದ್ದರು. ಯಾವುದಕ್ಕೆ ಎಂದು ನೋಡಿದೆ: 'ಮಾವನ ಎಡೆ, ಮಧ್ಯಾಹ್ನ ಒಂದರಿಂದ ಎರಡು.'

ತೀರಿಕೊಂಡ ಮಾವನಿಗೆ ವರ್ಷಕ್ಕೊಮ್ಮೆ ಅವರ ತಿಥಿಯಂದು ಬಾಳೆಲೆಯ ಮೇಲೆ ಅವರಿಗೆ ಇಷ್ಟದ್ದನ್ನೆಲ್ಲ ಬಡಿಸಿಡುವುದು ನಮ್ಮಲ್ಲಿನ ಪದ್ಧತಿ. ಹೊರಗಿಟ್ಟದ್ದನ್ನು ಕಾಗೆ ಮುಟ್ಟಿದ ಮೇಲೆ ನಮ್ಮ ಊಟ. ಸೇರಿಸುವ ಗಡಿಬಿಡಿಯಲ್ಲಿ ಅದನ್ನು ನಾನು ನೀಲಿಗೆ ದೂಡಿದ್ದೆ. ನೀಲಿಗೆ ಬಿದ್ದದ್ದೆಲ್ಲ ಸಿಬ್ಬಂದಿಗೆ ಆಮಂತ್ರಣವಾಗಿ ಹೋಗುತ್ತಿತ್ತು, ತನ್ನಷ್ಟಕ್ಕೇ ಒಂದು ವೀಡಿಯೊ ಲಿಂಕನ್ನೂ ಅಂಟಿಸಿಕೊಂಡು.

ಹೊಲಿಗೆ ಕಲಿಸುವ ಟೀಚರು ಪಕ್ಕದ ಕೋಣೆಯಿಂದಲೇ ಕೇಳಿದರು, "ಮೇಡಂ, ಲಿಂಕಿನಲ್ಲಿ ಬಂದರೆ ಸಾಕಾ, ಇಲ್ಲ ಖುದ್ದಾಗಿ ಬರಬೇಕಾ?"

ಅಷ್ಟರಲ್ಲಿ ಅಧಿಕಾರಿಯ ಮೇಲ್ ಬಂತು. 'ಸದರಿ ದಿನ ತ್ರೈಮಾಸಿಕ ಪರಿಶೀಲನೆ ಇದೆ. ತಮ್ಮ ಕಾರ್ಯಕ್ರಮವನ್ನು ಮುಂದೂಡಲು ಸಾಧ್ಯವೇ? ಕಾರ್ಯಸೂಚಿಯನ್ನೂ ಕಳುಹಿಸುವುದು.'

ಆಮಂತ್ರಣವನ್ನೇ ರದ್ದು ಮಾಡೋಣವೆಂದು ಬೆರಳಿಟ್ಟಿದ್ದೆ, ಭಟ್ಕಳ ಕೇಂದ್ರದ ಕಂಪ್ಯೂಟರ್ ಟೀಚರ್ ಫೋನ್ ಮಾಡಿದಳು. ಭಟ್ಕಳದ ಪಕ್ಕದ ಜಾಲಿ ಊರಿನವಳು, ಮನೆಯಲ್ಲಿ ಅಲ್ಲಿನ ಮುಸ್ಲಿಮರ ನವಾಯತಿ ಮಾತು. "ಅಕ್ಕಾ, ನಿಮ್ಮ ಮಾವಂದು ಅಂತ ನೋಡ್ದೆ. ನಾನು ಬಂದ್ರೆ ನಿಮ್ಮನೇಲಿ ಏನಾದ್ರೂ ಅಂದ್ಕೊಳ್ತಾರಾ?"

ಬೇಡ, ಅದು ತಪ್ಪಿ ಬಂದದ್ದು ಎನ್ನಲು ನಾಲಿಗೆ ಏಳಲಿಲ್ಲ. ಅತ್ತೆಯನ್ನು ಕೇಳಿ ಹೇಳುತ್ತೇನೆ ಎಂದೆ.

ಸಂಜೆ ಅತ್ತೆಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಎದ್ದುಹೋಗಿ ಗೋಡೆಯ ಪಂಚಾಂಗದ ಕ್ಯಾಲೆಂಡರನ್ನು ಇಳಿಸಿಕೊಂಡು ಬಂದರು.

"ಹಿರಿಯರ ಎಡೆಗೆ ಬತ್ತೆ ಅಂದವ್ರಿಗೆ ಬರಬೇಡಿ ಅಂತ ಹೇಳೂಕೆ ಆತದ್ಯೆ? ಬರ್ಲಿ. ಆದ್ರೆ ಹೆಣ್ಣೇ, ನಿನ್ನ ಫೋನಿಗೆ ತಲೆ ಸಮ ಇಲ್ಲ. ಈ ವರ್ಷ ಅಧಿಕ ಮಾಸ ಬಂತಲೆ! ತಿಥಿ ಇನ್ನೂ ಮುಂದಿದೆ."

ಹೌದು. ಹೋದ ವರ್ಷದ ತಾರೀಖಿಗೆ 'ಪ್ರತಿ ವರ್ಷ' ಎಂದು ಒತ್ತಿ ನಾನು ನಿಶ್ಚಿಂತಳಾಗಿದ್ದೆ. ತಿಥಿ ಹತ್ತಿರ ಹತ್ತಿರ ಮೂರು ವಾರ ಮುಂದಕ್ಕೆ ಹೋಗಿತ್ತು. ಅಂದೇ ತಿದ್ದಿದೆ. ತಿದ್ದಿದ್ದೂ ಎಲ್ಲರಿಗೂ ಹೋಯಿತು.

ಐದು ನಿಮಿಷದಲ್ಲಿ ಅಧಿಕಾರಿಯ ಉತ್ತರ: 'ಪರಿಶೀಲನಾ ಸಭೆಗಾಗಿ ತಮ್ಮ ಕಾರ್ಯಕ್ರಮವನ್ನು ಮುಂದೂಡಿದ್ದಕ್ಕೆ ಧನ್ಯವಾದಗಳು. ನಾನೂ ಹಾಜರಾಗುತ್ತೇನೆ.'

ಅಷ್ಟಕ್ಕೇ ಬಿಡಲಿಲ್ಲ. ಪರಿಶೀಲನಾ ಸಭೆಯಲ್ಲಿ ಎಲ್ಲರೆದುರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ಮನೆಯ ಕಾರ್ಯವನ್ನೇ ಮೂರು ವಾರ ಮುಂದೆ ಹಾಕಿದ್ದಾರೆ. ಹೊಂದಾಣಿಕೆ ಅಂದರೆ ಇದು." ಚಪ್ಪಾಳೆ ಬಿತ್ತು. ಚಂದ್ರನ ಲೆಕ್ಕವನ್ನು ವಿವರಿಸೋಣವೆಂದು ಬಾಯಿ ತೆರೆದೆ. ವಿವರಣೆಗೆ ಇನ್ನೊಂದು ಸಭೆ ಕರೆದಾರು ಎಂದು ಹೆದರಿ ಮುಚ್ಚಿಕೊಂಡೆ.

ಎಡೆಯ ದಿನ ಒಂದು ಗಂಟೆಗೆ ಸರಿಯಾಗಿ ಅಧಿಕಾರಿ ಬಾಗಿಲಲ್ಲಿದ್ದರು. ಗುಮಾಸ್ತರು, ಹೊಲಿಗೆ ಟೀಚರು, ಮಲ್ಲಿಗೆಯ ದಂಡೆ ಹಿಡಿದ ಜಾಲಿಯ ಹುಡುಗಿ ಎಲ್ಲ ಆಗಲೇ ಬಂದಿದ್ದರು. ಅತ್ತೆ ಅನ್ನ, ಬಂಗಡೆ ಸಾರು, ವಡೆ, ಪಾಯಸ ಬಡಿಸಿ ಕೈಮುಗಿದರು. ಗಂಡ ಒಂದು ಎಲೆಯನ್ನು ಹಿತ್ತಲಿನ ಕಟ್ಟೆಯ ಮೇಲಿಟ್ಟು ಬಂದರು. ಎಲ್ಲರೂ ಕಾಗೆಗೆ ಕಾದೆವು.

ಒಂದೂವರೆಯಾಯಿತು. ದಿನವೂ ಕೂಗಿ ಕಿವಿ ತೂತು ಮಾಡುವ ಕಾಗೆಗಳಲ್ಲಿ ಅಂದು ಒಂದೂ ಇಲ್ಲ. ಅಧಿಕಾರಿ ಗಡಿಯಾರ ನೋಡಿದರು. "ಎರಡೂವರೆಗೆ ನನಗೊಂದು ಮೀಟಿಂಗ್ ಐತಿ. ಕಾಗೆ ಎಷ್ಟೊತ್ತಿಗೆ ಬರ್ತದ?"

"ಅದಕ್ಕೆ ಆಮಂತ್ರಣ ಹೋಗಿಲ್ಲ ಕಾಣ್ತದೆ," ಎಂದರು ನನ್ನ ಗಂಡ. ನಾನು ಅವರನ್ನು ದುರುಗುಟ್ಟಿ ನೋಡಿದೆ. ಅಧಿಕಾರಿ ಮಾತ್ರ ಗಂಭೀರವಾಗಿ ತಲೆಯಾಡಿಸಿದರು.

ಅತ್ತೆ ಅವರಿಗೆ ಕುರ್ಚಿ ಹತ್ತಿರ ಎಳೆದು ಕೇಳಿದರು, "ಅಪ್ಪ ಇದಾರಾ ನಿಮ್ದು?"

"ಇಲ್ರಿ ಅಮ್ಮಾ. ತೀರಿಕೊಂಡು ನಾಕು ವರ್ಷಾತು."

"ಅವ್ರ ತಿಥಿ ಯಾವಾಗ?"

ಅವರ ಕೈ ಅಭ್ಯಾಸಬಲದಿಂದ ಫೋನಿಗೆ ಹೋಯಿತು. ಹುಡುಕಿದರು. ಮೇಲೆ ಸರಿಸಿದರು, ಕೆಳಗೆ ಸರಿಸಿದರು. ಮೂರು ತಿಂಗಳ ಸಭೆಗಳೆಲ್ಲ ಇದ್ದವು. "ಗೊತ್ತಿಲ್ರಿ," ಎಂದರು ಕಡೆಗೆ. "ಅಣ್ಣ ಮಾಡ್ತಾನ. ಪ್ರತಿ ವರ್ಷ ಫೋನ್ ಮಾಡ್ತಾನ. ನನಗ ಆವತ್ತೇ ಏನರೆ ಮೀಟಿಂಗ್ ಇರ್ತದ."

ಅತ್ತೆ ಉಪದೇಶ ಮಾಡಲಿಲ್ಲ. "ತೀರ್ಕೊಂಡ ತಾರೀಖು ಹೇಳಿ," ಎಂದು ಹಳೆಯ ಪಂಚಾಂಗಗಳ ಕಟ್ಟನ್ನು ಮಗಳ ಕೈಯಲ್ಲಿ ತರಿಸಿದರು. ಜಾಲಿಯ ಹುಡುಗಿ ಪುಟ ತಿರುಗಿಸಿದಳು, ಅತ್ತೆ ಬೆರಳಿಟ್ಟು ಎಣಿಸಿದರು. ತಿಥಿ ಸಿಕ್ಕಿತು, ದೂರವೇನಿರಲಿಲ್ಲ, ಮುಂದಿನ ತಿಂಗಳೇ. ಅಧಿಕಾರಿ ಅದನ್ನು ಫೋನಿಗೆ ಹಾಕಲಿಲ್ಲ. ಜೇಬಿನಿಂದ ಪೆನ್ನು ತೆಗೆದು ರೈಲಿನ ಟಿಕೆಟಿನ ಹಿಂದೆ ಬರೆದುಕೊಂಡರು.

ಕಾಗೆ ಎರಡೂಕಾಲು ಗಂಟೆಗೆ ಬಂತು. ಎರಡೂವರೆಯ ಮೀಟಿಂಗನ್ನು ಅಧಿಕಾರಿ ಮರೆತರೋ ಬಿಟ್ಟರೋ ತಿಳಿಯದು. ಮೀನು ತಿನ್ನದವರು, ಏಳು ವಡೆ ತಿಂದರು.

ಸುಧಾರಿಸಿಬಿಟ್ಟರು ಎಂದುಕೊಳ್ಳಬೇಡಿ. ಮರುವಾರವೇ 'ಕೌಟುಂಬಿಕ ಕಾರ್ಯಗಳ ವಾರ್ಷಿಕ ಯೋಜನೆ' ಎಂಬ ನಮೂನೆ ಬಂತು, ಶುಕ್ರವಾರದೊಳಗೆ ತುಂಬಿ ಕಳಿಸಬೇಕು. 'ಹಿರಿಯರ ಸಂಖ್ಯೆ' ಎಂದು ಒಂದು ಕಲಂ, 'ನಿರೀಕ್ಷಿತ ಫಲಿತಾಂಶ' ಎಂದು ಇನ್ನೊಂದು. ನಾನು ಅದನ್ನು ತುಂಬಿ ಕೊಟ್ಟು, ನೀಲಿ ಹಸಿರನ್ನು ಮತ್ತೆ ಬೇರೆ ಬೇರೆ ಮಾಡಿದೆ.

ಆದರೆ ಮುಂದಿನ ತಿಂಗಳು ಆ ತಿಥಿಯಂದು ಅವರು ಅಣ್ಣನ ಮನೆಗೆ ಹೋದದ್ದು ನಿಜ. ಅಂದಿನ ಸಭೆಯನ್ನು ನಡೆಸುವ ಕೆಲಸ ಜಾಲಿಯ ಹುಡುಗಿಗೆ ಬಿತ್ತು. ಹೇಳಬೇಕಾದ್ದನ್ನೆಲ್ಲ ಹೇಳಿ, ಕೇಳಬೇಕಾದ್ದನ್ನೆಲ್ಲ ಕೇಳಿ, ಹನ್ನೆರಡು ನಿಮಿಷಕ್ಕೆ ಮುಗಿಸಿದಳು. ಇನ್ನೇನಾದರೂ ಇರಬೇಕಲ್ಲ ಎಂದು ಸ್ವಲ್ಪ ಹೊತ್ತು ಎಲ್ಲರೂ ಹಾಗೇ ಕೂತಿದ್ದೆವು.