ಚಾಂದಸಾಬರಿಗೆ ಓದು ಬರುತ್ತಿರಲಿಲ್ಲ

ಆ ನೋಟುಪುಸ್ತಕ ನನ್ನದು, ಮಾಬೂಬಿ. ನಿನ್ನ ಅಬ್ಬಾ ಅದರಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ಅವರಿಗೆ ಬರೆಯಲು ಬರುತ್ತಿರಲಿಲ್ಲ — ಓದಲೂ ಬರುತ್ತಿರಲಿಲ್ಲ. ಇಡೀ ಮಸ್ಕಿಯಲ್ಲಿ ಇದು ಗೊತ್ತಿದ್ದದ್ದು ನನಗೊಬ್ಬನಿಗೆ. ಗೊತ್ತಿದ್ದೂ ನಾನು ಪೊಲೀಸ್ ಅಮೀನರ ಮುಂದೆ ನಿಂತು, ಬರುತ್ತದೆ ಎಂದೆ.

ಇಷ್ಟು ಬರೆದು ಎದ್ದುಹೋಗಿ ಬಾಗಿಲಿಗೆ ಅಗಳಿ ಹಾಕಿದೆಯೋ ಇಲ್ಲವೋ ನೋಡಿಕೊಂಡು ಬಂದೆ. ಯಾರಿಗೆ ಹೆದರಿ? ನಿಜಾಮರ ಸರ್ಕಾರ ಹೋಗಿ ನಲವತ್ತು ವರ್ಷವಾಯಿತು. ಆ ಅಮೀನರೂ ಸತ್ತಿರಬೇಕು. ಹೆದರಿಕೆಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಹೋದ ತಿಂಗಳು ನೀನು ಸಿಂಧನೂರಿನಿಂದ ಲಿಂಗಸುಗೂರಿಗೆ, ನಮ್ಮ ಮನೆಗೆ ಬಂದಿದ್ದೆ. ಚಹದ ಲೋಟ ಹಿಡಿದುಕೊಂಡು ಕೇಳಿದೆ: "ಸರ್, ನಮ್ಮ ಅಬ್ಬಾ ಬರದ ಪುಸ್ತಕಾನ ಅವತ್ತ ಅಮೀನರ ಮುಂದ ಓದಿದವರು ನೀವ ಅಂತಲ್ಲರೀ. ಅದರಾಗ ಏನಿತ್ತರೀ? ನಮ್ಮ ಸಾಲಿ ಹುಡುಗರಿಗೆ ಹೇಳಬೇಕಂತ ಮಾಡೀನಿ."

"ಭಾಳ ದಿನ ಆತವ್ವ," ಎಂದೆ.

"ಒಂದ ಮಾತರ ನೆನಪಿಲ್ಲೇನ್ರಿ?"

"ಇಲ್ಲ."

ಪ್ರತಿ ಸಾಲೂ ನೆನಪಿತ್ತು. ಆ ದಿನದ ಉಳಿದದ್ದರ ಬಗ್ಗೆ ಮಾತ್ರ ನನಗೆ ನಂಬಿಕೆಯಿಲ್ಲ — ಇದನ್ನು ಎಷ್ಟೊಂದು ರೀತಿಯಲ್ಲಿ ನನಗೆ ನಾನೇ ಹೇಳಿಕೊಂಡಿದ್ದೇನೆಂದರೆ, ಈಗ ನೆನಪು ಯಾವುದು, ನಾನು ಹಾಕಿದ ಹೊಲಿಗೆ ಯಾವುದು ತಿಳಿಯುವುದಿಲ್ಲ. ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನ ಎಂದೇ ಬರೆಯುತ್ತೇನೆ.

ನಾನಾಗ ಲಿಂಗಸುಗೂರಿನಲ್ಲಿ ಕೋಣೆ ಹಿಡಿದು ಓದುತ್ತಿದ್ದೆ. ವಯಸ್ಸು ಹದಿನೇಳು. ಪಾಠವೆಲ್ಲ ಉರ್ದುವಿನಲ್ಲಿ, ವಾರದ ರಜೆ ಶುಕ್ರವಾರ. ಗುರುವಾರ ಸಂಜೆ ಮಸ್ಕಿಗೆ ಬಂದರೆ, ಶುಕ್ರವಾರ ಬೆಳಿಗ್ಗೆ ನಿನ್ನ ಅಬ್ಬಾನ ಹೊಲಿಗೆ ಅಂಗಡಿ. ಸಿಂಧನೂರಿನಿಂದ ಅವರಿಗೆ ಬಟ್ಟೆಯ ಗಂಟು ಬರುತ್ತಿತ್ತು. ಗಂಟಿನ ಒಳಗೆ ಸುತ್ತಿಕೊಂಡು, ಹೊಳೆಯಾಚೆಯ ಇಂಗ್ಲಿಷರ ಸೀಮೆಯ ಕನ್ನಡ ಪೇಪರು ಬರುತ್ತಿತ್ತು. ನಮ್ಮ ಕಡೆ ಅದನ್ನು ಇಟ್ಟುಕೊಳ್ಳುವಂತಿರಲಿಲ್ಲ. ವಾರವೋ ಹದಿನೈದು ದಿನವೋ ಹಳೆಯದಾಗಿರುತ್ತಿತ್ತು. ನಮಗೆ ಅದೇ ಹೊಸ ಸುದ್ದಿ.

ನಾನು ಓದುತ್ತಿದ್ದೆ, ಅವರು ಮಿಷನ್ ತುಳಿಯುತ್ತಿದ್ದರು. "ನಿಲ್ಲಬ್ಯಾಡ ತಮ್ಮಾ, ನೀ ನಿಂತ್ರ ನನ್ನ ತಲ್ಯಾಗ ದಾರ ಹರಿತೈತಿ," ಎನ್ನುತ್ತಿದ್ದರು. ಒಂದು ಸಲ ಕೇಳಿದರೆ ಸಾಕು, ಅವರಿಗೆ ಬಾಯಿಪಾಠ. ಮಧ್ಯಾಹ್ನ ಗಿರಾಕಿಗಳು ಸೇರಿದಾಗ ಅದೇ ಪೇಪರನ್ನು ತೊಡೆಯ ಮೇಲೆ ಬಿಡಿಸಿಕೊಂಡು, ಬೆರಳು ಸಾಲಿನ ಮೇಲೆ ಆಡಿಸುತ್ತ, ಒಂದು ಮಾತು ತಪ್ಪದಂತೆ 'ಓದುತ್ತಿದ್ದರು'. ಒಮ್ಮೆ ಗಾಣಿಗರ ಈರಪ್ಪ ಬಗ್ಗಿ ನೋಡಿ, "ಏನ್ ಚಾಂದಸಾಬ, ಪೇಪರ್ ತಲಿಕೆಳಗ ಹಿಡದೀಯಲ್ಲೋ!" ಎಂದ. ಅವರು ತಲೆಯೆತ್ತದೆ ಹೇಳಿದರು: "ತಲಿಕೆಳಗ ಆಗಿದ್ದು ದುನಿಯಾ ಬೇ. ಅದನ್ನ ಓದಬೇಕಂದ್ರ ಹಿಂಗ ಹಿಡೀಬೇಕು." ಜನ ನಕ್ಕರು. ಮುಂದಿನ ವಾರದಿಂದ ನಾನು ಪೇಪರಿನ ಮೇಲಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ ಕೊಡತೊಡಗಿದೆ.

ಯಾರಾದರೂ ಯೋಚಿಸಿದ್ದರೆ ತಿಳಿಯುತ್ತಿತ್ತು. ಗಿರಾಕಿಗಳ ಅಳತೆಯನ್ನು ಅವರು ಎಲ್ಲೂ ಬರೆದಿಡುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಉದ್ದನೆಯ ಕಾಗದದ ಪಟ್ಟಿ. ಎದೆ ಇಲ್ಲಿಗೆ, ತೋಳು ಇಲ್ಲಿಗೆ ಎಂದು ಅದರ ಅಂಚಿಗೆ ಕತ್ತರಿಯ ಕಚ್ಚು. ಯಾರ ಪಟ್ಟಿ ಎಂದು ಗುರುತಿಗೆ ಒಂದು ಬಣ್ಣದ ದಾರ. ಮೊಳೆಗೆ ತೂಗುಹಾಕಿದ ಆ ಪಟ್ಟಿಗಳು ಗೋಡೆ ತುಂಬ ಇದ್ದವು. ಅಕ್ಷರ ಬಾರದವನ ಅಂಗಡಿ ಇದು ಎಂದು ಆ ಗೋಡೆಯೇ ಹೇಳುತ್ತಿತ್ತು. ಸಿಂಪಿಗರ ರೀತಿಯೇ ಹಾಗೆ ಎಂದು ಜನ ಸುಮ್ಮನಿದ್ದರು.

ನೋಟುಪುಸ್ತಕದಲ್ಲಿ ನಾನು ಬರೆಯುತ್ತಿದ್ದದ್ದು — ಸುದ್ದಿ, ಭಾಷಣ, ಅವುಗಳ ಕೆಳಗೆ ನನ್ನ ತಕರಾರು. ಆಗ ಎಲ್ಲರೂ ನ್ಯಾಯದ ಬಗ್ಗೆ ಭಾಷಣ ಮಾಡುತ್ತಿದ್ದರು, ಹೊಳೆಯ ಆಚೆಯವರೂ ಈಚೆಯವರೂ. ಒಂದು ಭಾಷಣದ ಕೆಳಗೆ ಬರೆದಿದ್ದೆ: "ಇವರು ನ್ಯಾಯ ಎಂಬ ಮಾತನ್ನು ಹನ್ನೊಂದು ಸಲ ಆಡಿದ್ದಾರೆ. ಯಾರಿಗೆ ಎಂದು ಒಂದು ಸಲವೂ ಹೇಳಿಲ್ಲ." ಇನ್ನೊಂದು ಕಡೆ: "ಕಚೇರಿಯ ತೀರ್ಪು ರೈತನಿಗೆ ತಿಳಿಯದ ಮಾತಿನಲ್ಲಿ ಬರುತ್ತದೆ. ಗೆದ್ದೆನೋ ಸೋತೆನೋ ಎಂಬುದನ್ನು ಅವನು ವಕೀಲನ ಮುಖ ನೋಡಿ ತಿಳಿಯಬೇಕು." ಮತ್ತೊಂದು — ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ — "ದೊರೆ ನ್ಯಾಯ ಕೊಡುತ್ತಾನೆ ಎನ್ನುತ್ತಾರೆ. ಕೊಡಲು ಅದೇನು ಅವನದೇ? ನಮ್ಮದನ್ನೇ ಇಟ್ಟುಕೊಂಡು ನಮಗೇ ದಾನ ಕೊಡುವವನಿಗೆ ಏನೆನ್ನಬೇಕು?"

ಒಂದು ಶುಕ್ರವಾರ ಇವನ್ನೂ ಓದಿದೆ. ಮಿಷನ್ ನಿಂತಿತು. "ಇದು ಯಾವ ಪೇಪರಿಂದು?" ಎಂದರು.

"ನಂದು ಕಾಕಾ."

"ಇನ್ನೊಮ್ಮಿ ಓದು."

ಅಂದು ಮಧ್ಯಾಹ್ನ ನನ್ನ ಮಾತುಗಳನ್ನು ಅವರು ಪೇಪರಿನ ಸುದ್ದಿಯ ನಡುವೆ ಸೇರಿಸಿ 'ಓದಿದರು'. ಗಿರಾಕಿಗಳು ಹೌದ್ಹೌದೆಂದರು. ನಾನು ಮೂಲೆಯಲ್ಲಿ ಕೂತು ಬೀಗಿದೆ. ತಡೆಯಬೇಕಿತ್ತು. ತಡೆಯಲಿಲ್ಲ, ಮುಂದಿನ ವಾರ ಇನ್ನಷ್ಟು ಬರೆದು ತಂದೆ.

ಅಷ್ಟರಲ್ಲಿ ಲಿಂಗಸುಗೂರಿನಲ್ಲಿ ಪೊಲೀಸರು ಹುಡುಗರ ಟ್ರಂಕು ತೆಗೆಸಿ ಜಡತಿ ಮಾಡತೊಡಗಿದರು. ಪುಸ್ತಕವನ್ನು ಅಂಗಡಿಯಲ್ಲಿ ಬಿಟ್ಟೆ, ಚಿಂದಿಯ ಚೀಲದ ತಳದಲ್ಲಿ. ಬಹಳ ವರ್ಷ ನನ್ನ ನೆನಪಿನಲ್ಲಿ 'ಇಲ್ಲೇ ಇರಲಿ ಬಿಡು' ಎಂದು ಅವರೇ ಹೇಳಿದ್ದರು. ಹೇಳಿರಲಿಲ್ಲ. "ಕಾಕಾ, ನಿಮ್ಮ ಕಡೆ ಇಡ್ರಿ, ನನಗ ಹೆದರಿಕಿ ಆಗ್ತೈತಿ," ಎಂದು ಕೇಳಿದವನು ನಾನು. ನನ್ನ ಹೆದರಿಕೆಯನ್ನು ನಾನೇ ಒಯ್ದು ಅವರ ಅಂಗಡಿಯಲ್ಲಿ ಇಟ್ಟುಬಂದೆ.

ಅಮೀನರು ಬಂದದ್ದು ಶುಕ್ರವಾರವೇ, ನಿನ್ನ ಅಬ್ಬಾ ಜುಮ್ಮಾ ನಮಾಜು ಮುಗಿಸಿ ಬಂದು ಕೂತ ಹೊತ್ತಿಗೆ. ಪೇಪರು ಓದುವುದನ್ನು ಚೌಕಿಯವರು ಕಂಡೂ ಕಾಣದಂತಿದ್ದರು, ಆದರೆ ಅಂಗಡಿಯಲ್ಲಿ ಓದಿದ ಕೆಲವು ಮಾತು ಯಾವ ಪೇಪರಿನಲ್ಲೂ ಇಲ್ಲ ಎಂದು ಯಾರೋ ಚಾಡಿ ಹೇಳಿದ್ದರು. ಜವಾನರು ಚೀಲ ಸುರಿದರು. ಚಿಂದಿಯ ರಾಶಿಯ ಮೇಲೆ ಪುಸ್ತಕ ಬಿತ್ತು. ನಾನು ಎದುರಿನ ಕಟ್ಟೆಯ ಮೇಲಿದ್ದೆ. ಓಡಬೇಕೆನಿಸಿತು, ಕೂತಲ್ಲೇ ಕೂತೆ.

"ಯಾರದು ಇದು?"

"ನಂದು," ಎಂದರು ನಿನ್ನ ಅಬ್ಬಾ.

ಆಗ ಅವರು ನನ್ನತ್ತ ನೋಡಿದರು, ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿದರು ಎಂದು ನಾನು ಹೆಂಡತಿಗೆ ಹೇಳಿದ್ದೇನೆ. ಅಂಥ ನೋಟ ಇತ್ತೇ? ಗೊತ್ತಿಲ್ಲ. ಬಗೆದು ನೋಡಿದರೆ ಸಿಗುವುದು ಅವರ ಬೆನ್ನು ಮಾತ್ರ, ಬೆವರಿಗೆ ಅಂಗಿ ಅಂಟಿದ ಬೆನ್ನು. ಬೆನ್ನಿಗೆ ಕಣ್ಣು ಬರೆದವನು ನಾನೇ ಇರಬೇಕು.

ಅಮೀನರಿಗೆ ಕನ್ನಡ ಬಾರದು. ಕನ್ನಡ ಬಲ್ಲ ಚೌಕಿಯ ಗುಮಾಸ್ತ, ಮುನ್ಶಿ, ಅಂದು ಊರಲ್ಲಿರಲಿಲ್ಲ. ಕನ್ನಡವನ್ನೂ ಉರ್ದುವನ್ನೂ ಓದಬಲ್ಲವರು ಯಾರೆಂದು ಕೇಳಿದಾಗ ಜನ ಸರಿದು ದಾರಿ ಬಿಟ್ಟರು — "ಇಂವ ಅದಾನಲ್ಲ, ಲಿಂಗಸೂರಾಗ ಓದಾಕತ್ಯಾನ!" ನನ್ನ ಪುಸ್ತಕ ನನ್ನ ಕೈಗೇ ಬಂತು. ಓದಿ ಉರ್ದುವಿನಲ್ಲಿ ಹೇಳು ಎಂದರು.

ಹೇಳಿದೆ. ನನ್ನ ಮಾತುಗಳನ್ನು ಬೇರೆಯವರ ಅಪರಾಧದಂತೆ ಓದಿದೆ. ಒಂದೆರಡು ಕಡೆ ಅಕ್ಷರ ತಿಳಿಯದವನಂತೆ ತಡವರಿಸಿದೆ ಕೂಡ — ನನ್ನದೇ ಅಕ್ಷರ! ಹನ್ನೊಂದು ಸಲದ ಮಾತು ಆಯಿತು, ವಕೀಲನ ಮುಖದ ಮಾತು ಆಯಿತು. ದೊರೆಯ ಮಾತು ಬಂದಾಗ ಹಾರಿಸಿ ಮುಂದಿನ ಪುಟಕ್ಕೆ ಹೋದೆ. ಅವರಿಗೆ ಶಿಕ್ಷೆ ಕಡಿಮೆಯಾಗಲಿ ಎಂದೇ? ಅಂಥ ಮಾತು ನನ್ನ ಬಾಯಿಂದ ಬರಬಾರದೆಂದೇ? ಎರಡನೆಯದು.

"ಒಂದ ಬಿಟ್ಟಿ ನೋಡು, ತಮ್ಮಾ," ಎಂದರು ನಿನ್ನ ಅಬ್ಬಾ.

ಎಂದು, ಅಮೀನರ ಕಡೆ ತಿರುಗಿ, ಅದನ್ನು ಅವರ ಉರ್ದುವಿನಲ್ಲೇ ಹೇಳಿದರು. ಕೊಡಲು ಅದೇನು ಅವನದೇ — ಎಂಬಲ್ಲಿ ನಾನು ಕೊಟ್ಟಿದ್ದ ಏರಿಳಿತವನ್ನೂ ಬಿಡದೆ. ಯಾಕೆ ಹೇಳಿದರು? ಪುಸ್ತಕ ತಮ್ಮದೇ ಎಂದು ನಂಬಿಸಲು, ನನ್ನನ್ನು ಉಳಿಸಲು — ಇರಬಹುದು. ಆ ಮಾತು ಅವರಿಗೆ ಇಷ್ಟವಾಗಿತ್ತು, ಬಿಟ್ಟುಹೋಗುವುದು ಸಹಿಸಲಿಲ್ಲ — ಅದೂ ಇರಬಹುದು. ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ಅಮೀನರಿಗೆ ಇನ್ನೂ ಅನುಮಾನ. ಸೂಜಿ ಹಿಡಿಯುವವನು ಇದನ್ನು ಬರೆದನೇ? ನನ್ನ ಮುಖ ನೋಡಿ ಕೇಳಿದರು: ಇವನಿಗೆ ಓದು ಬರಹ ಬರುತ್ತದೆಯೇ?

ಕಾಗದದ ಪಟ್ಟಿಗಳು ಅಮೀನರ ತಲೆಯ ಹಿಂದೆಯೇ ತೂಗುತ್ತಿದ್ದವು. ಬೆರಳು ತೋರಿಸಿದ್ದರೆ ಸಾಕಿತ್ತು. ಆದರೆ ಮುಂದಿನ ಪ್ರಶ್ನೆ, ಹಾಗಾದರೆ ಬರೆದವರು ಯಾರು ಎಂದೇ ಇರುತ್ತಿತ್ತು.

"ಜೀ ಹುಜೂರ್," ಎಂದೆ. "ಅಖಬಾರ್ ಪಢತೇ ಹೈಂ." ಪೇಪರು ಓದುತ್ತಾರೆ.

ಜನರೆಲ್ಲ ತಲೆ ಆಡಿಸಿದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಸುಳ್ಳು ಹೇಳಿದವನು ಅಲ್ಲಿ ನಾನೊಬ್ಬನೇ.

ಅವರನ್ನು ಜೈಲಿಗೆ ಒಯ್ದರು. ಆಮೇಲಿನ ತಿಂಗಳುಗಳು — ಶಾಲೆಯಲ್ಲಿ ಬೂಟಿನ ಸದ್ದಾದರೆ ಬರೆಯುತ್ತಿದ್ದ ಹಾಳೆ ಮುಚ್ಚಿಡುತ್ತಿದ್ದೆ. ಎಲ್ಲಾದರೂ ಬರೆಯಿಸಿ ಅಕ್ಷರ ಹೋಲಿಸಿಯಾರು ಎಂದು ಕನ್ನಡ ಅಕ್ಷರವನ್ನೇ ಬದಲಿಸಿಕೊಂಡೆ. ಎಡಕ್ಕೆ ವಾಲಿಸಿ, ಮೊಟಕಾಗಿ. ನನ್ನ ಕೈ ಉಳಿಯಿತು.

ಅವರದು ಉಳಿಯಲಿಲ್ಲ. ಜೈಲಿನಲ್ಲಿ ಜೊತೆಗಿದ್ದು ಬಂದವನೊಬ್ಬ ಮಸ್ಕಿಯ ಕಟ್ಟೆಯ ಮೇಲೆ ಹೇಳುತ್ತಿದ್ದ: "ಪೆನ್ನು ಕೊಟ್ಟು ಬರೀ ಅಂದ್ರು. ಮುಟ್ಟಲಿಲ್ಲ ನೋಡ್ರಿ! ಬೆರಳ ಮುರದ್ರು, ಬರೀಲಿಲ್ಲ. ಎಂಥಾ ಗಂಡಸದಾನ!" ಕೇಳಿದವರು ಶಹಬ್ಬಾಸ್ ಎಂದರು. ನಾನೂ ಎಂದೆ. ಬರೆಯಲಾರದ ಕೈಯನ್ನು ಬರೆಯಲೊಲ್ಲದ ಕೈ ಎಂದು ಮುರಿದರು, ಮಾಬೂಬಿ. ನನಗೆ ಬಾರದು ಎಂದು ಅವರು ಒಂದು ಮಾತು ಹೇಳಿದ್ದರೆ ಹುಡುಕಾಟ ನನ್ನ ಬಾಗಿಲಿಗೆ ಬರುತ್ತಿತ್ತು. ಹೇಳಲಿಲ್ಲ.

ಸಂಸ್ಥಾನ ಮುಗಿದು ಅವರು ಮನೆಗೆ ಬಂದರು. ಮಿಷನ್ ಮೇಲೆ ನಿನ್ನ ಮಾಮಾ ಕೂತಿದ್ದ. ಅವರು ಹೊಸ್ತಿಲ ಹತ್ತಿರ, ತೊಡೆಯ ಮೇಲೆ ಪೇಪರು. ಈಗ ಅದು ಬಚ್ಚಿಡದೆ ಬರುತ್ತಿತ್ತು. ನನ್ನನ್ನು ಕಂಡು ಕರೆದರು: "ತಮ್ಮಾ, ಪೇಪರ್ ಬಂದೈತಿ. ಬಾ."

ಆ ಬೆರಳುಗಳನ್ನು ನೋಡಿದೆ. "ಆಮ್ಯಾಲ ಬರ್ತೀನಿ ಕಾಕಾ," ಎಂದೆ.

"ಹೂಂ. ಬಾ."

ಹೋಗಲಿಲ್ಲ. ಅವರು ಇನ್ನೂ ಆರು ವರ್ಷ ಬದುಕಿದ್ದರು. ನಾನು ಬೇರೆ ಓಣಿಯಿಂದ ತಿರುಗಾಡಿದೆ. ಜೈಲನ್ನು ನೆನೆದು ನಡುಗಿದ್ದೇನೆ, ಬೆರಳನ್ನು ನೆನೆದು ಅತ್ತಿದ್ದೇನೆ. ಈ ಹೋಗದೇ ಇದ್ದದ್ದನ್ನು ಮಾತ್ರ ತಪ್ಪಿನ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹೋದ ತಿಂಗಳು ನೀನು ಹೊರಡುವಾಗ ಚಪ್ಪಲಿ ಮೆಟ್ಟುತ್ತ ಅಂದೆ: "ಕಡೀತನಕಾ ದಿನಾ ಪೇಪರ್ ಹಿಡಕೊಂಡ ಕುಂದರತಿದ್ದರು ಸರ್. ಆದರ ಮೊದಲಿನಂಗ ಯಾರಿಗೂ ಓದಿ ಹೇಳಲಿಲ್ಲ. ಜೈಲಿನಾಗ ಮಾತ ಸತ್ತು ಹೋತು ಅಂತಿದ್ದಳು ಅಮ್ಮೀ."

ಮಾತು ಸತ್ತಿರಲಿಲ್ಲ. ಓದಿ ಹೇಳುವವನು ಹೋಗಲಿಲ್ಲ, ಅಷ್ಟೇ. ಬೇರೆ ಯಾರನ್ನು ಕೇಳಿಯಾರು? ಚಾಂದಸಾಬರಿಗೆ ಓದು ಬರುತ್ತದೆಂದು ಊರೆಲ್ಲ ನಂಬಿತ್ತು. ಆ ನಂಬಿಕೆಗೆ ಸಾಕ್ಷಿ ಹೇಳಿದವನು ನಾನು. ಆರು ವರ್ಷ ಸುದ್ದಿ ಅವರ ತೊಡೆಯ ಮೇಲೆಯೇ ಇತ್ತು, ಅವರಿಗೆ ಮುಟ್ಟಲಿಲ್ಲ.

ಪುಸ್ತಕ ನನ್ನದಾದರೂ ದೊರೆಯ ಆ ಮಾತು ಅವರದೇ, ಯಾಕೆಂದರೆ ಅದನ್ನು ನಾನು ಬಿಟ್ಟೆ, ಅವರು ಹೇಳಿದರು — ಎಂದು ಈಗ ಬರೆದೆ. ಓದಲು ಚೆನ್ನಾಗಿದೆ. ನನಗೆ ಸಮಾಧಾನ ಕೊಡುತ್ತದೆ. ಅದಕ್ಕೇ ಅದನ್ನು ನಂಬಬೇಡ. ನೀನು ಹುಡುಗರಿಗೆ ಹೇಳಬೇಕೆಂದಿದ್ದ ಬರಹಗಾರ ಅಬ್ಬಾನನ್ನು ನಾನು ಕಿತ್ತುಕೊಂಡಿದ್ದೇನೆ, ಬದಲಿಗೆ ಕೊಡಲು ನನ್ನಲ್ಲಿ ಏನೂ ಇಲ್ಲ.

ಸೋಮವಾರ ಮೊದಲ ಬಸ್ಸಿಗೆ ಸಿಂಧನೂರಿಗೆ ಹೊರಡುತ್ತೇನೆ. ನೀನು ಒಪ್ಪಿದರೆ ನಿನ್ನ ಸಾಲಿಯ ಹುಡುಗರ ಮುಂದೆ ಈ ಕಾಗದವನ್ನು ನಾನೇ ಓದುತ್ತೇನೆ, ಏನೂ ಬಿಡದೆ. ಒಪ್ಪದಿದ್ದರೆ ಗೇಟಿನ ಹೊರಗೆ ನಿಂತಿರುತ್ತೇನೆ. ನೀನು ಬಂದು ಏನು ಅಂದರೂ ಕೇಳಿಸಿಕೊಳ್ಳುತ್ತೇನೆ. ಏನೂ ಅನ್ನದೆ ಹೋದರೆ, ಅದನ್ನೂ. ಹೆದರಿಕೆ ಹೋಗಿಲ್ಲ, ಮಾಬೂಬಿ. ಅದನ್ನು ಕರೆದುಕೊಂಡೇ ಬರುತ್ತೇನೆ.