ಬಬಲೇಶ್ವರಕ್ಕೆ ಹೋದ ಗಂಟು

ಈಗಿನವರಿಗೆ ಹೇಳಿದರೆ ನಕ್ಕುಬಿಡುತ್ತಾರೆ. ನಮ್ಮ ಅಂಗಡಿಯಿಂದ ದುಡ್ಡು ಕೊಡದೆ ಸೀರೆ ಮನೆಗೆ ಒಯ್ಯಬಹುದಿತ್ತು. ಒಂದಲ್ಲ, ಒಂದು ಗಂಟು ಸೀರೆ.

ವಿಜಯಪುರದ ಜೋರಾಪುರ ಪೇಟೆಯಲ್ಲಿ ನನ್ನ ಮಾವನವರು ಹಾಕಿದ ಅರಿವೆ ಅಂಗಡಿ ಅದು. ಮದುವೆಯ ಬಟ್ಟೆ ಖರೀದಿಗೆ ನಮ್ಮಲ್ಲಿ ಬಸ್ತಾ ಎನ್ನುತ್ತೇವೆ. ಬಸ್ತಾಕ್ಕೆಂದು ತಿಕೋಟಾ, ಬಬಲೇಶ್ವರದ ಕಡೆಯಿಂದ ಜೀಪು ತುಂಬ ಜನ ಬರುತ್ತಿದ್ದರು. ಎಷ್ಟು ಮಂದಿ ಬಂದರೂ ಮನೆಯಲ್ಲಿ ಒಬ್ಬ ಮುದುಕಿ ಉಳಿದಿರುತ್ತಿದ್ದಳು. ಕಾಲು ನೋವು, ಕಣ್ಣು ಮಂಜು, ಬಸ್ಸು ಹತ್ತಿದರೆ ವಾಂತಿ, ಏನೋ ಒಂದು. ಆ ಮುದುಕಿ ಕೈಯಾಡಿಸಿ ಹೂಂ ಅನ್ನದ ಹೊರತು ಮದುಮಗಳ ಸೀರೆ ಪಕ್ಕಾ ಆಗುತ್ತಿರಲಿಲ್ಲ. ಅದಕ್ಕೇ ಮಾವನವರು ಒಳ್ಳೊಳ್ಳೆಯ ಸೀರೆ ಆರಿಸಿ, ಬಿಳಿ ಧೋತರದಲ್ಲಿ ಗಂಟು ಕಟ್ಟಿ, ಮನೆಗೆ ಒಯ್ದು ತೋರಿಸಿರಿ ಎಂದು ಕಳಿಸುತ್ತಿದ್ದರು. ಬೇಕಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ವಾಪಸು ತರುತ್ತಿದ್ದರು. ಬಂದ ಸೀರೆಗೆ ಒಲೆಯ ಹೊಗೆ, ಜೋಳದ ಹಿಟ್ಟಿನ ವಾಸನೆ ಹತ್ತಿರುತ್ತಿತ್ತು. ನಾನು ಕೊಡವಿ, ಬಿಸಿಲು ತೋರಿಸಿ, ಮತ್ತೆ ಮಡಿಕೆ ಹಾಕುತ್ತಿದ್ದೆ. ಗಂಟು ಹೋದ ಮೇಲೆ ಅದು ಎಲ್ಲಿದೆ, ಯಾವಾಗ ಬರುತ್ತದೆ ಎಂದು ಕೇಳಬಾರದು ಎನ್ನುವುದು ಮಾವನವರ ಕಟ್ಟಪ್ಪಣೆ. ಕೇಳಿದರೆ ನಂಬಿಕೆ ಇಲ್ಲ ಅಂದಂತೆ.

ಮಾವನವರು ಹೋದ ಮೇಲೆ ಗಾದಿಯ ಮೇಲೆ ನನ್ನ ಗಂಡ ಕೂತರು. ಹೆಂಗಸರ ಹತ್ತಿರ ಮಾತಿಗೆ ನಾನು. ನನ್ನ ಗಂಡ ಕಾಲು ಮಡಚಿ ಕೂತು ಸೀರೆಯ ಒಂದು ತುದಿ ಹಿಡಿದು ಬೀಸಿದರೆ, ಸೆರಗು ಸರಿಯಾಗಿ ಮದುಮಗಳ ಮುಂದೆ ಬಂದು ಬೀಳುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಅವರಿಗೆ ದೇವರು ಸಿಟ್ಟು ಕೊಡುವುದನ್ನೇ ಮರೆತಿದ್ದ. ಇಬ್ಬರೂ ಸೇರಿ ಅಂಗಡಿ ಹೇಗೋ ನಡೆಯುತ್ತಿತ್ತು.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ಬರಲಿ, ನನ್ನ ಕೈಯಲ್ಲೂ ಇದೆ. ಆದರೆ ಜನ ಅಂಗಡಿಗೆ ಬಂದು, ಹತ್ತು ಸೀರೆ ಬಿಚ್ಚಿಸಿ, ಸೆರಗು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿ, ಫೋಟೋ ಹೊಡೆದುಕೊಂಡು, "ಮನ್ಯಾಗ ಕೇಳಿ ಬರ್ತೀವ್ರಿ" ಎಂದು ಎದ್ದು ಹೋಗತೊಡಗಿದರು. ಮನೆಯಲ್ಲಿ ಏನು ಕೇಳುತ್ತಾರೆ, ಮಣ್ಣು! ಮೂರು ದಿನ ಬಿಟ್ಟು ಅದೇ ಓಣಿಗೆ ಬೈಕಿನ ಮೇಲೆ ಪಾರ್ಸಲ್ ಬರುತ್ತಿತ್ತು. ಪಾರ್ಸಲ್ ತಂದವನು ನಮ್ಮ ಅಂಗಡಿಯ ಮುಂದೆಯೇ ಗಾಡಿ ನಿಲ್ಲಿಸಿ, ಆ ಮನೆ ಎಲ್ಲಿ ಬರುತ್ತದೆ ಎಂದು ನಮ್ಮನ್ನೇ ಕೇಳುತ್ತಿದ್ದ. ನನ್ನ ಗಂಡ ಹೊರಗೆ ಬಂದು ಕೈ ತೋರಿಸಿ ದಾರಿ ಹೇಳುತ್ತಿದ್ದರು. ಬಿಸಿಲು ಹೆಚ್ಚಿದ್ದರೆ ನೀರನ್ನೂ ಕೊಡುತ್ತಿದ್ದರು. ನಾನು ಒಳಗೆ ಕೂತು ಹಲ್ಲು ಕಡಿಯುತ್ತಿದ್ದೆ.

ಒಂದು ದಿನ ತಿಕೋಟಾದ ಹೆಣ್ಣುಮಗಳೊಬ್ಬಳು ಬಂದಳು. ಅವಳ ಮದುವೆಯ ಬಸ್ತಾ ನಮ್ಮಲ್ಲೇ ಆಗಿತ್ತು. ಪ್ಲಾಸ್ಟಿಕ್ ಚೀಲದಿಂದ ಹೊಸ ಸೀರೆ ತೆಗೆದು, "ಅಕ್ಕಾರ, ಇದಕ್ಕ ಹೊಂದೂವಂಥ ಖಣ ಕೊಡ್ರಿ" ಎಂದಳು. ಸೀರೆ ಮೊಬೈಲಿನದು. ಕುಪ್ಪಸದ ಖಣಕ್ಕೆ ಮಾತ್ರ ನಾವು ನೆನಪಾಗಿದ್ದೆವು.

"ಸೀರಿ ಕೊಟ್ಟಾಂವಗ ಖಣಾನೂ ಕೇಳಬೇಕಿತ್ತಲ್ಲ ತಂಗಿ" ಎಂದೆ. "ನಾವೇನ್ ತುಂಡು ಅರಿವಿ ಮಾರಾಕ ಕುಂತೇವೇನು?"

ಅವಳ ಮುಖ ಸಣ್ಣದಾಯಿತು. ಸೀರೆ ಮಡಚಿಕೊಂಡು ಇಳಿದು ಹೋದಳು. ನನ್ನ ಗಂಡ ಅವಳು ಹೋದ ದಿಕ್ಕಿಗೇ ನೋಡುತ್ತಾ ಕೂತಿದ್ದರು.

"ಬೈದಿ, ಭೇಷ್ ಆತು. ಇನ್ನ ಖಣಕ್ಕೂ ಬರಂಗಿಲ್ಲ ಅಕಿ" ಎಂದರು. ಅಷ್ಟೇ. ಬಯ್ಯಬಾರದೇ ನನ್ನನ್ನು? ಜೋರಾಗಿ ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಹೀಗೇ ಎರಡು ಲಗ್ನದ ಹಂಗಾಮು ನೊಣ ಹೊಡೆಯುತ್ತಾ ಕಳೆದೆವು. ಅಷ್ಟರಲ್ಲಿ ಅಥಣಿ ರಸ್ತೆಯಲ್ಲಿ ಹೊಸದಾಗಿ ಎದ್ದ ದೊಡ್ಡ ಶೋರೂಮಿನವರು ನನ್ನ ಗಂಡನಿಗೆ ಹೇಳಿ ಕಳಿಸಿದರು. ಸೀರೆ ತೋರಿಸಲು ಅನುಭವಸ್ಥರು ಬೇಕಂತೆ, ತಿಂಗಳ ಪಗಾರವಂತೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೌಂಟರಿನ ಹಿಂದೆ ನಿಂತಿರಬೇಕು, ಅಂಗಡಿಯವರು ಕೊಟ್ಟ ಬಣ್ಣದ ಶರ್ಟು ಹಾಕಬೇಕು. ಊರವರು ಸಾವಕಾರ್ರ ಎಂದು ಕರೆಯುವ ಮನುಷ್ಯ, ಇನ್ನೊಬ್ಬರ ಮಾಲನ್ನು ನಿಂತು ಬಿಚ್ಚಿ ತೋರಿಸಬೇಕು. ನನಗೆ ಕೇಳಿಯೇ ಮೈ ಉರಿಯಿತು.

"ಈ ಹಂಗಾಮ ಒಂದ್ ನೋಡೂನು" ಎಂದರು ಅವರು. "ಬಬಲೇಶ್ವರದವರ ಮನ್ಯಾಗ ಲಗ್ನ ಐತಿ. ಅವರ ಬಸ್ತಾ ಬಂತಂದ್ರ ಅಂಗಡಿ ಇನ್ನೊಂದ್ ವರ್ಷ ಜಗ್ಗತೈತಿ. ಬರಲಿಲ್ಲಂದ್ರ ಬಾಡಿಗಿ ಜಾಗಾದ ಮಾಲಕರಿಗೆ ಕೀಲಿ ಕೊಟ್ಟು ಅಲ್ಲಿ ಹೋಗ್ತೀನಿ."

ಬಬಲೇಶ್ವರದ ಆ ಮನೆತನ ನಮಗೆ ಮಾವನವರ ಕಾಲದ್ದು. ಹೊಲ, ದನ, ದ್ರಾಕ್ಷಿ ತೋಟ ಎಲ್ಲ ಇದ್ದವರು. ಆ ಮನೆಯ ಆಯಿ, ಅಂದರೆ ಮದುಮಗಳ ಅಜ್ಜಿ, ತನ್ನ ಹೆಣ್ಣುಮಕ್ಕಳ ಬಸ್ತಾ, ಸೊಸೆಯ ಬಸ್ತಾ, ಎಲ್ಲವನ್ನೂ ನಮ್ಮ ಗಾದಿಯ ಮೇಲೆ ಕೂತೇ ಮಾಡಿದ್ದಳು. ಬೇರೆ ಅಂಗಡಿ ಇದೆ ಎಂಬುದೇ ಅವಳಿಗೆ ಗೊತ್ತಿರಲಿಕ್ಕಿಲ್ಲ. ಹಾಗಾಗಿ ನನಗೂ ಧೈರ್ಯವಿತ್ತು.

ಅವರು ಬಂದರು. ಆಯಿಯ ಸೊಸೆ, ಜೊತೆಗೆ ಮದುಮಗಳು. ಬಂದವಳೇ ಸೊಸೆ ನನ್ನ ಕೈ ಹಿಡಿದು, "ವೈನಿ, ಆಯಿಗೆ ಟೊಂಕ ಮುರದೈತ್ರಿ, ಹಾಸಗಿ ಬಿಟ್ಟು ಏಳಂಗಿಲ್ಲ. ಕಣ್ಣೂ ಪೂರಾ ಹೋಗ್ಯಾವು. ಆದ್ರೂ ಗಂಟು ತೊಗೊಂಡ ಬಾ, ನಾ ಮುಟ್ಟಿ ನೋಡ್ತೀನಿ ಅಂತ ಕುಂತಾಳ" ಎಂದಳು. ನನ್ನ ಗಂಡನ ಮುಖ ಅರಳಿದ್ದನ್ನು ನಾನು ಎಷ್ಟೋ ದಿನಗಳ ಮೇಲೆ ನೋಡಿದೆ. ಮಧ್ಯಾಹ್ನದವರೆಗೆ ಸೀರೆ ಬಿಚ್ಚಿದ್ದೇ ಬಿಚ್ಚಿದ್ದು. ಚಹಾ ಎರಡು ಸಲ ತರಿಸಿದೆ. ಮದುಮಗಳು ಒಳ್ಳೆಯ ಹುಡುಗಿ, ಹೆಚ್ಚು ಮಾತಿಲ್ಲ. ಕುಂಕುಮ ಬಣ್ಣದ, ಅಗಲ ಜರಿ ಅಂಚಿನ ರೇಷ್ಮೆ ಸೀರೆಯ ಮೇಲೆ ಅವಳ ಕೈ ನಿಂತಿತು. ಹಂಗಾಮಿಗೆಂದು ನನ್ನ ಗಂಡ ತಾವೇ ಹೋಗಿ ಆರಿಸಿ ತಂದ ಸೀರೆ ಅದು. ಅದನ್ನೂ, ಅದರ ಜೊತೆಗೆ ಅಂಗಡಿಯಲ್ಲಿದ್ದ ಎಲ್ಲ ಒಳ್ಳೆಯ ಸೀರೆಗಳನ್ನೂ ಸೇರಿಸಿ ಗಂಟು ಕಟ್ಟಿದರು. ಕಪಾಟು ಖಾಲಿಯಾಗಿ ಕಂಡಿತು.

"ಎಲ್ಲಾ ಕಳಸಾಕತ್ತೀರೇನು? ನಾಳೆ ಇನ್ಯಾರರ ಬಂದ್ರ ಏನ್ ತೋರಸ್ತೀರಿ?" ಎಂದೆ ಮೆಲ್ಲಗೆ.

"ಮುದುಕಿ ಕೈಗೆ ಛಲೋದು ಸಿಗಲಿ" ಎಂದು, ಗಂಟನ್ನು ತಾವೇ ಹೊತ್ತು ಜೀಪಿನಲ್ಲಿಟ್ಟು ಬಂದರು.

ಎರಡು ದಿನಕ್ಕೆ ಬರಬೇಕಾದ ಗಂಟು ವಾರವಾದರೂ ಬರಲಿಲ್ಲ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ನಡುವೆ ಬೇರೆ ಗಿರಾಕಿ ಬಂದರೆ ತೋರಿಸಲು ಒಳ್ಳೆಯ ಸೀರೆಯೇ ಇರಲಿಲ್ಲ. ಒಂದು ಫೋನು ಮಾಡಿರೆಂದು ಬಡಕೊಂಡೆ. ಅವರು ಜಪ್ಪಯ್ಯ ಅನ್ನಲಿಲ್ಲ. "ಗಂಟು ಹೋದ ಮ್ಯಾಲ ಕೇಳಬಾರ್ದು" ಎಂದು ಅಪ್ಪನ ಮಾತನ್ನೇ ಹೇಳಿದರು. ಆ ಅಪ್ಪನ ಕಾಲದಲ್ಲಿ ಗಂಟು ಹೋದ ಮನೆಯಲ್ಲಿ ಇನ್ನೊಂದು ಅಂಗಡಿ ಇರುತ್ತಿರಲಿಲ್ಲ. ಈಗ ಪ್ರತಿ ಮನೆಯಲ್ಲೂ, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಅಂಗಡಿ ಇದೆ. ಇದು ಅವರಿಗೆ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆದಿರಲಿಲ್ಲ.

ಕೊನೆಗೊಂದು ದಿನ ಸೊಸೆ ಒಬ್ಬಳೇ ಬಂದಳು. ಗಂಟನ್ನು ಗಾದಿಯ ಮೇಲಿಟ್ಟಳು. ಬಿಚ್ಚಿದರೆ ಕಳಿಸಿದ ಸೀರೆಗಳೆಲ್ಲ ಹಾಗೇ ಇದ್ದವು. ಒಂದೂ ಕಡಿಮೆಯಾಗಿರಲಿಲ್ಲ. ಕುಂಕುಮ ಬಣ್ಣದ ಸೀರೆ ಎಲ್ಲಕ್ಕಿಂತ ಮೇಲಿತ್ತು.

"ಆಯಿಗೆ ಮನಸಿಗೆ ಬರಲಿಲ್ಲೇನ್ರಿ?" ಎಂದು ಕೇಳಿದರು ನನ್ನ ಗಂಡ.

"ಬಂತ್ರಿ ಸಾವಕಾರ್ರ. ಇದನ್ನ ಅಪ್ಪಿಕೊಂಡು ಕುಂತಿದ್ಲು. ಆದ್ರ ನಮ್ಮ ಹುಡುಗಿ ಫೋಟೋ ಹೊಡದು ಮೊಬೈಲನ್ಯಾಗ ಹುಡುಕಿದ್ಲು ನೋಡ್ರಿ, ಇಂಥಾದ ಸೀರಿ, ಇದ ಬಣ್ಣ, ಅಗದೀ ಸೋವಿ ಸಿಕ್ತು. ಉಳಿದವೂ ಸಿಕ್ಕವು. ಎಲ್ಲಾ ತರಿಸಿಬಿಟ್ಟಿವಿ." ಅವಳು ಇದನ್ನು ಮುಚ್ಚಿಡಲಿಲ್ಲ, ನಾಚಲೂ ಇಲ್ಲ. ಸಂತೆಯಲ್ಲಿ ಬದನೆಕಾಯಿ ಅಗ್ಗ ಸಿಕ್ಕಿತು ಎನ್ನುವ ಹಾಗೆ ಹೇಳಿದಳು. ಆಮೇಲೆ ತನ್ನ ಚೀಲದಿಂದ ಇನ್ನೊಂದು ಕುಂಕುಮ ಬಣ್ಣದ ಸೀರೆ ತೆಗೆದಳು. "ಒಂದ ಕೆಲಸ ಆಗಬೇಕ್ರಿ ವೈನಿ. ಆಯಿಗೆ ಇದ್ಯಾವುದೂ ಗೊತ್ತಿಲ್ಲ. ಸಾವಕಾರ್ರು ಬಂದು ಕೈಯಾರೆ ಕೊಟ್ಟು, ನೀವು ಉಡಿ ತುಂಬಿದ್ರನ ಮದಿವಿ ಸೀರಿ ಅಂತಾಳ. ಇದನ್ನ ನಿಮ್ಮ ಧೋತರದಾಗ ಕಟಿಗೊಂಡು ಬಂದು ಕೊಟ್ಟಬಿಡ್ರಿ. ಅಕಿಗೇನ್ ಕಾಣತೈತಿ?"

ಬಸ್ತಾ ಮುಗಿದ ಮೇಲೆ ಅಂಗಡಿಯವರು ಮದುಮಗಳಿಗೆ ಉಡಿ ತುಂಬುವುದು ನಮ್ಮಲ್ಲಿ ನಡೆದುಬಂದದ್ದು. ಅಕ್ಕಿ, ಕೊಬ್ಬರಿ, ಅರಿಷಿಣ, ಕುಂಕುಮ, ನಮ್ಮದೇ ಒಂದು ಖಣ. ನಮ್ಮ ಸೀರೆ ಉಟ್ಟು ಹೋಗುವವಳು ನಮ್ಮ ಮಗಳು ಎಂಬ ಲೆಕ್ಕ. ಸೀರೆಯೇ ನಮ್ಮದಲ್ಲದ ಮೇಲೆ?

ನನ್ನ ಸಿಟ್ಟು ನೆತ್ತಿಗೇರಿತು. "ಏನ್ ಮಾತ್ ಆಡ್ತೀ ಬೇ ನೀನು! ಸೀರಿ ಬ್ಯಾರೆದವರದು, ನಾಟಕ ನಮ್ಮದೇನು? ತಂದುಕೊಟ್ಟ ಬೈಕಿನಾಂವನ್ನ ಕರಿ, ಅಂವನ ಉಡಿ ತುಂಬ್ಲಿ!"

ಸೊಸೆಯ ಕಣ್ಣಲ್ಲಿ ನೀರು ಬಂತು. ನನ್ನ ಗಂಡ ಕೈ ಚಾಚಿ ಆ ಸೀರೆ ತೆಗೆದುಕೊಂಡರು. ಅಂಚನ್ನು ಬೆರಳಿಂದ ತಿಕ್ಕಿ ನೋಡಿದರು. ಕಪಾಟಿನಿಂದ ಒಗೆದ ಧೋತರ ತೆಗೆದು, ಹಾಸಿ, ಸೀರೆಯನ್ನು ನಡುವೆ ಇಟ್ಟು, ನಮ್ಮ ಸೀರೆಗೆ ಹೇಗೆ ಕಟ್ಟುತ್ತಿದ್ದರೋ ಹಾಗೇ ಗಂಟು ಕಟ್ಟಿದರು.

"ಮುದುಕಿ ಏನ್ ತಪ್ಪ ಮಾಡ್ಯಾಳ?" ಎಂದರು ನನಗೆ. "ಉಡಿ ಸಾಮಾನ ತಗೋ, ನಡಿ."

ಬಸ್ಸಿನಲ್ಲಿ ಬಬಲೇಶ್ವರದವರೆಗೆ ನಾನು ಅವರ ಕಡೆ ತಿರುಗಿಯೂ ನೋಡಲಿಲ್ಲ. ಗಂಟು ಅವರ ತೊಡೆಯ ಮೇಲಿತ್ತು. ಪಕ್ಕದ ಸೀಟಿನವನು, "ಏನ್ರಿ ಸಾವಕಾರ್ರ, ಬಸ್ತಾ ಜೋರೈತೇನು?" ಎಂದು ಕೇಳಿದ. ಇವರು ತಲೆಯಾಡಿಸಿದರು.

ಆಯಿ ಪಡಸಾಲೆಯ ಮಂಚದ ಮೇಲೆ ಮಲಗಿದ್ದಳು. ಹೊಸ ಸೀರೆ ಉಡಿಸಿ, ತಲೆ ಬಾಚಿ ಅವಳನ್ನು ತಯಾರು ಮಾಡಿದ್ದರು. ನನ್ನ ಗಂಡ ಗಂಟು ಬಿಚ್ಚಿ ಸೀರೆಯನ್ನು ಅವಳ ಕೈಯಲ್ಲಿಟ್ಟರು. ಅವಳು ಒಂದೊಂದೇ ಮಡಿಕೆ ಸರಿಸಿ, ಸೆರಗು ಹುಡುಕಿ, ಅದನ್ನು ಕೆನ್ನೆಗೆ ಒತ್ತಿಕೊಂಡಳು. ನಾನು ನಿಂತಲ್ಲೇ ದೇವರನ್ನು ಬೇಡಿಕೊಂಡೆ. ಗುರುತು ಹಿಡಿಯಲಿ, ಇದು ಆ ಸೀರೆಯಲ್ಲ ಅನ್ನಲಿ, ಒಮ್ಮೆ ಚೀರಿ ಮನೆಯವರ ಮರ್ಯಾದೆ ತೆಗೆಯಲಿ.

"ಹಾಂ, ಇದ ನೋಡು" ಎಂದಳು ಆಯಿ. "ಸಾವಕಾರನ ಕೈದು ಅಂದ್ರ ಕೈದ ಅದು."

ಗುರುತು ಹಿಡಿಯಲಿಲ್ಲ. ಹಿಡಿಯುವಂಥದ್ದೂ ಏನಿರಲಿಲ್ಲ, ಅದೂ ಒಳ್ಳೆಯ ಸೀರೆಯೇ. ನಮ್ಮದು ನೇಯ್ದ ಮಗ್ಗದಲ್ಲೇ ಅದೂ ನೇಯ್ದದ್ದಿರಬಹುದು. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಮದುಮಗಳನ್ನು ಕೂರಿಸಿ ಉಡಿ ತುಂಬಿದೆ. ಇಡೀ ಮದುವೆಗೆ ನಮ್ಮ ಅಂಗಡಿಯಿಂದ ಹೋದದ್ದು ಆ ಒಂದು ಖಣ, ಅದೂ ಪುಕ್ಕಟೆ. ಹುಡುಗಿ ಬಗ್ಗಿ ನಮಸ್ಕಾರ ಮಾಡುವಾಗ ನನ್ನ ಮುಖ ನೋಡಲಿಲ್ಲ. ನಾನೂ ಅವಳ ಮುಖ ನೋಡಲಿಲ್ಲ. ಆಯಿ ನನ್ನ ಗಂಡನನ್ನು ಮಂಚದ ಪಕ್ಕ ಕಂಬಳಿ ಹಾಸಿ ಕೂರಿಸಿ, ಹಣೆಗೆ ಕುಂಕುಮ ಹಚ್ಚಿಸಿ, ಟಾವೆಲು, ತೆಂಗಿನಕಾಯಿ ಕೊಟ್ಟು ಆಯೇರಿ ಮಾಡಿಸಿದಳು. ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಸಣ್ಣ ಮೊಮ್ಮಗಳೊಬ್ಬಾಕಿ ಅದಾಳಪಾ. ಆಕಿ ಲಗ್ನಕ್ಕ ನಾ ಇರಂಗಿಲ್ಲ. ಬಸ್ತಾ ಮಾತ್ರ ನಿನ್ನ ಅಂಗಡ್ಯಾಗಿಂದನ ಬರಬೇಕು. ಮಾತ ಕೊಡು."

"ಆಗಲಿ ಬೇ ಆಯಿ" ಎಂದರು ಅವರು. ಸೀರೆ ಹತ್ತಿಯದೋ ರೇಷ್ಮೆಯದೋ ಎಂದು ಕೇಳಿದ ಗಿರಾಕಿಗೆ ಒಂದು ದಿನವೂ ಸುಳ್ಳು ಹೇಳದ ಮನುಷ್ಯ. ಹೇಳಿ, ತಲೆ ತಗ್ಗಿಸಿ ಎದ್ದು ಬಂದರು.

ಬಸ್ ನಿಲ್ದಾಣದವರೆಗೆ ಸೊಸೆ ಕಳಿಸಲು ಬಂದಳು. ಅವಳ ಎದೆಯ ಭಾರ ಇಳಿದಿತ್ತು, ದಾರಿಯುದ್ದಕ್ಕೂ ಮಾತಾಡಿದ್ದೇ ಮಾತಾಡಿದ್ದು. ನನ್ನ ಗಂಡ ತೆಂಗಿನಕಾಯಿ ಹಿಡಿದು ಸ್ವಲ್ಪ ದೂರ ನಿಂತಿದ್ದರು.

"ಭಾಳ ಉಪಕಾರ ಆತ್ರಿ ವೈನಿ. ಸಣ್ಣಾಕಿ ಲಗ್ನದಾಗೂ ಹಿಂಗ ಬಂದು ನಡಿಸಿ ಕೊಡ್ರಿ" ಎಂದಳು.

"ಎಲ್ಲಿಂದ ಬರೂಣವಾ?" ಎಂದೆ. "ಅಂಗಡಿ ಮುಚ್ಚಾಕತ್ತೇವಿ. ನಾಳೆ ಕೀಲಿ ಕೊಡ್ತಾರ. ಸೋಮವಾರದಿಂದ ಇವರು ಶೋರೂಮಿನ್ಯಾಗ ನಿಂದ್ರತಾರ."

ಅವಳು ಗಕ್ಕನೆ ನಿಂತಳು. ನಾಟಕ ಮಾಡುತ್ತಿದ್ದಾಳೆಯೇ ಎಂದು ಅವಳ ಮುಖವನ್ನು ದಿಟ್ಟಿಸಿ ನೋಡಿದೆ. ಇಲ್ಲ. ಅವಳಿಗೆ ನಿಜಕ್ಕೂ ಕೆಟ್ಟದೆನಿಸಿತ್ತು, ಕಣ್ಣುಗಳು ಒದ್ದೆಯಾಗಿದ್ದವು.

"ಅಯ್ಯ ಶಿವನ! ಯಾಕ್ರಿ ವೈನಿ?" ಎಂದಳು. "ಅಂಥಾ ಛಲೋ ಅಂಗಡಿ! ಏನ್ ಆತ್ರಿ ಅಂಥಾದ್ದು?"

ಬಾಯಿ ಜೋರು ಎಂದು ಪೇಟೆಯಲ್ಲೆಲ್ಲ ಹೆಸರಾದವಳು ನಾನು. ಅವಳ ಸೆರಗಿನ ತುದಿಯಿಂದಲೇ ಅವಳ ಕಣ್ಣೊರೆಸಿದೆ, ಅಷ್ಟೇ. ಬಸ್ಸು ಬಂತು, ಹತ್ತಿದೆವು.